ಹೂಜಿಯೆಲೆಯ ನೊರಜು

ಸಂಜೆಯ ಹೊತ್ತು ಕೆರೆಯ ಏರಿಯ ಮೇಲೆ ತಿರುಗಾಡುವ ಅಭ್ಯಾಸವುಳ್ಳವರಿಗೆ ನಾನು ಈ ಹೊತ್ತು ಹೇಳಲಿರುವ ಪ್ರಾಣಿಯ ಬಂಧುಬಳಗದ ಪರಿಚಯ ಚೆನ್ನಾಗಿಯೇ ಇರುವುದು. ಸೂರ್ಯನು ಮುಳುಗುವ ಸಮಯಕ್ಕೆ ತಲೆಯ ಮೇಲೆ ಒಂದು ಮಾರು ಎತ್ತರದಲ್ಲಿ ಹೊಗೆಯ ಕಂಬದಂತೆ ಮೇಲಕ್ಕೂ ಕೆಳಕ್ಕೂ ಆಡುತ್ತ, ಬಾಯಿ ತೆರೆದರೆ ಬಾಯೊಳಕ್ಕೂ, ದೀಪ ಹಚ್ಚಿದರೆ ದೀಪದ ಬುಡಕ್ಕೂ ಬಂದು ಬೀಳುವ ಆ ಸಣ್ಣ ನೊರಜುಗಳನ್ನು ನಾವು ಸೊಳ್ಳೆಗಳೆಂದು ಭ್ರಮಿಸಿ ಹೊಡೆಯುವುದುಂಟು. ಪಾಪ, ಅವು ಕಚ್ಚುವುದಿಲ್ಲ. ಕಚ್ಚಲು ಬೇಕಾದ ಸೂಜಿಯೇ ಅವಕ್ಕೆ ಇಲ್ಲ. ರೆಕ್ಕೆ ಬಂದ ಮೇಲೆ ಅವುಗಳ ಆಯುಸ್ಸು ಕೆಲವೇ ದಿನ. ಅವುಗಳ ನಿಜವಾದ ಬಾಳೆಲ್ಲ ಕಳೆಯುವುದು ಮರಿಹುಳುವಿನ ಅವಸ್ಥೆಯಲ್ಲಿ, ನೀರಿನ ಅಡಿಯ ಕೆಸರಿನಲ್ಲಿ. ಕೆರೆಯ ಕೆಸರನ್ನು ಕೆದಕಿದರೆ ಕೆಂಪು ದಾರದ ತುಂಡುಗಳಂತೆ ನುಲಿಯುವ ಹುಳುಗಳು ಕಂಡುಬರುತ್ತವೆಯಲ್ಲವೆ? ಅವೇ.

ಕೆರೆಯಲ್ಲಿ, ಹೊಳೆಯಲ್ಲಿ, ಗದ್ದೆಯ ನಿಂತ ನೀರಿನಲ್ಲಿ ಈ ಕುಲದವು ವಾಸಿಸುವುದು ಆಶ್ಚರ್ಯವೇನಲ್ಲ. ಆದರೆ ಈ ಕುಲದಲ್ಲಿ ಒಂದು ಜಾತಿ ಕೆರೆಯನ್ನೂ ಹೊಳೆಯನ್ನೂ ಬಿಟ್ಟು ಒಂದು ಗಿಡದ ಎಲೆಯೊಳಗೆ ಮನೆ ಮಾಡಿಕೊಂಡಿದೆ. ಅದೂ ಎಂತಹ ಎಲೆ! ಹುಳುಗಳನ್ನು ಹಿಡಿದು ಮುಳುಗಿಸಿ ಕೊಂದು, ಅವುಗಳ ಸಾರವನ್ನು ಹೀರಿಕೊಳ್ಳುವ ಎಲೆ. ಹುಲಿಯ ಹೊಟ್ಟೆಯೊಳಗೆ ಮೊಲವು ಬಿಡಾರ ಹೂಡಿದೆಯೆಂದರೆ ನಾವು ನಂಬುವೆವೆ? ಇಲ್ಲಿ ನಡೆದಿರುವುದು ಹೆಚ್ಚುಕಡಿಮೆ ಅದೇ.

ಮೊದಲು ಗಿಡದ ವಿಷಯ. ಇದು ನಮ್ಮ ದೇಶದ್ದಲ್ಲ. ಉತ್ತರ ಅಮೆರಿಕದ ಪೂರ್ವಭಾಗದ ಜೌಗುನೆಲಗಳಲ್ಲಿಯೂ, ಕೆನಡದ ಉತ್ತರದಲ್ಲಿ ಲಾಬ್ರಡಾರಿನವರೆಗೂ ಬೆಳೆಯತಕ್ಕದ್ದು. ಸಸ್ಯಶಾಸ್ತ್ರಜ್ಞರು ಇದನ್ನು ಸರಸೀನಿಯ ಪರ್ಪ್ಯುರಿಯ ಎಂದು ಕರೆಯುತ್ತಾರೆ; ನಾವು ಕೆನ್ನೀಲಿಯ ಹೂಜಿಗಿಡವೆನ್ನೋಣ. ಕ್ವಿಬೆಕ್ ನಗರದಲ್ಲಿ ವೈದ್ಯನಾಗಿದ್ದ ಮಿಷೆಲ್ ಸರಾಜ಼ಿನ್ ಎಂಬ ಫ್ರೆಂಚನು ಇದನ್ನು ಪ್ಯಾರಿಸಿನ ಪಂಡಿತರಿಗೆ ಕಳುಹಿಸಿದ್ದರಿಂದ ಅವನ ಹೆಸರೇ ಗಿಡಕ್ಕೆ ನಿಂತಿತು. ನ್ಯೂಫೌಂಡ್‌ಲೆಂಡ್ ಸೀಮೆಯವರಿಗೆ ಇದರ ಮೇಲೆ ಎಷ್ಟು ಅಭಿಮಾನವೆಂದರೆ 1938ರಿಂದ 1947ರವರೆಗೆ ಅವರ ಒಂದು ಸೆಂಟಿನ ನಾಣ್ಯದ ಮೇಲೆ ಇದರ ಚಿತ್ರವೇ ಅಚ್ಚಾಗುತ್ತಿದ್ದಿತು.

ಈ ಗಿಡಕ್ಕೆ ಕಾಂಡವು ಇದ್ದೂ ಇಲ್ಲದಂತೆ. ನೆಲಕ್ಕೆ ಒತ್ತಿಕೊಂಡು ಸುತ್ತಲೂ ಹೂವಿನೆಸಳಿನಂತೆ ಹರಡಿದ ಎಲೆಗಳು. ಒಂದೊಂದು ಎಲೆಯೂ ಹೊಟ್ಟೆ ಉಬ್ಬಿದ ಒಂದೊಂದು ಹೂಜಿ. ನಮ್ಮ ಮೇಘಾಲಯದ ಖಾಸಿ ಮತ್ತು ಗಾರೋ ಬೆಟ್ಟಗಳಲ್ಲಿ ಬೆಳೆಯುವ ಹೂಜಿಗಿಡವನ್ನು ಚಿತ್ರದಲ್ಲಾದರೂ ಕಂಡವರಿಗೆ ಒಂದು ವ್ಯತ್ಯಾಸ ಹೊಳೆಯುವುದು. ಅದರ ಹೂಜಿಗೆ ಮಳೆಯನ್ನು ತಡೆಯುವ ಮುಚ್ಚಳವಿದೆ. ಈ ಅಮೆರಿಕದ ಹೂಜಿಯ ಬಾಯಿ ಆಕಾಶಕ್ಕೆ ತೆರೆದೇ ಇದೆ. ಮುಚ್ಚಳವಾಗಬೇಕಾಗಿದ್ದ ಭಾಗವು ಹಿಂದಕ್ಕೆ ಸೆಟೆದು, ಕೆಂಪು ನರಗಳಿಂದ ಕೂಡಿ, ಮೈತುಂಬ ಕೆಳಮುಖವಾದ ಗಡಸು ಕೂದಲುಗಳನ್ನು ಹೊತ್ತು ನಿಂತಿದೆ. ಬಿದ್ದ ಮಳೆಯೆಲ್ಲ ಒಳಕ್ಕಿಳಿಯುತ್ತದೆ. ಆದುದರಿಂದ ಎಲೆಯಲ್ಲಿ ನಿಂತಿರುವುದು ಬಹುಮಟ್ಟಿಗೆ ಮಳೆಯ ನೀರೇ.

ಈ ನೀರು ಏತಕ್ಕೆ? ಹಿಂದಿನವರ ಊಹೆಗಳು ಕೇಳಲು ಸೊಗಸಾಗಿವೆ. ಬಾಯಾರಿದ ಹಕ್ಕಿಗಳಿಗೆ ಪ್ರಕೃತಿಯು ಇಟ್ಟ ಅರವಟ್ಟಿಗೆ ಇದೆಂದು ಮಹಾಪಂಡಿತ ಲಿನೀಯಸನು ಭಾವಿಸಿದನು. ಅಮೆರಿಕದ ಕಾಡುಗಳನ್ನು ಸುತ್ತಿ ಚಿತ್ರ ಬರೆದ ಮಾರ್ಕ್ ಕೇಟ್ಸ್‌ಬಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಪ್ಪೆ ಮುಂತಾದ ಶತ್ರುಗಳಿಂದ ತಪ್ಪಿಸಿಕೊಳ್ಳಲು ಹುಳುಗಳಿಗೆ ಇದೊಂದು ಆಶ್ರಯವೆಂದು ಬರೆದನು. ಕೊಲೆಗಾರನ ಮನೆಯನ್ನು ಧರ್ಮಛತ್ರವೆಂದು ಬಗೆದಂತಾಯಿತೆಂದು ನಾವು ನಗಬಹುದು. 1874ರಲ್ಲಿ ಹೂಕರನು ಬೆಲ್‌ಫಾಸ್ಟಿನ ಸಭೆಯಲ್ಲಿ ಕೀಟಭಕ್ಷಕ ಸಸ್ಯಗಳ ಮೇಲೆ ಮಾಡಿದ ಭಾಷಣ, ಮರುವರ್ಷವೇ ಹೊರಬಂದ ಡಾರ್ವಿನ್ನನ ಗ್ರಂಥ, ಇವುಗಳ ಬಳಿಕ ಆ ನಗು ಸಹಜವೇ. ಆದರೆ ಕೇಟ್ಸ್‌ಬಿಯ ಮಾತಿನಲ್ಲಿ ಅರೆಪಾಲು ನಿಜವಿದ್ದಿತೆಂಬುದು ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುವೆನು.

ಗಿಡವು ಹುಳುಗಳನ್ನು ಹಿಡಿಯುವುದು ಹಸಿವಿನಿಂದಲ್ಲ. ಸಕಲ ಹಸಿರು ಗಿಡಗಳಂತೆ ಇದೂ ಬಿಸಿಲಿನಿಂದಲೇ ತನ್ನ ಆಹಾರವನ್ನು ಮಾಡಿಕೊಳ್ಳುತ್ತದೆ. ಕೊರತೆಯಿರುವುದು ಸಾರಜನಕಕ್ಕೆ. ನೂರಾರು ವರ್ಷಗಳಿಂದ ಕೊಳೆಯದೆ ಒಟ್ಟಿಕೊಂಡು ಹುಳಿಯಾದ ಆ ಜೌಗಿನಲ್ಲಿ ಬೇರು ಎಷ್ಟು ಹುಡುಕಿದರೂ ಸಾರಜನಕ ಸಿಕ್ಕುವುದು ಅತ್ಯಲ್ಪ. ನಮ್ಮ ಪಶ್ಚಿಮಘಟ್ಟದ ಜಂಬಿಟ್ಟಿಗೆ ಬಂಡೆಗಳ ಮೇಲೆ ಮಳೆಗಾಲದಲ್ಲಿ ಕಾಣುವ ಡ್ರಾಸಿರ ಗಿಡಗಳು ಎಲೆಯ ಮೇಲೆ ಅಂಟು ಹನಿಗಳನ್ನಿಟ್ಟು ನೊಣ ಹಿಡಿಯುವುದೂ ಇದೇ ಬಡತನದಿಂದ. ಆದರೆ ಹೂಜಿಯ ಬೇಟೆಯನ್ನು ನಾವು ಅತಿಯಾಗಿ ಕಲ್ಪಿಸಿಕೊಳ್ಳಬಾರದು. ಕುಳಿತು ಎಣಿಸಿದವರ ಲೆಕ್ಕದಂತೆ, ಎಲೆಯ ಅಂಚಿನ ಜೇನನ್ನು ನೆಕ್ಕಲು ಬರುವ ಹುಳುಗಳಲ್ಲಿ ಒಳಗೆ ಬಿದ್ದು ಸಾಯುವವು ನೂರಕ್ಕೆ ಒಂದೂ ಇಲ್ಲ! ಉಳಿದವು ತಿಂದು ಬಾಯಿ ಒರೆಸಿಕೊಂಡು ಹೋಗುತ್ತವೆ. ಬೀಳುವವು ಹೆಚ್ಚಾಗಿ ಇರುವೆಗಳು, ನೊಣಗಳು. ಅಪರೂಪಕ್ಕೆ ದೊಡ್ಡ ಬೇಟೆಯೂ ಉಂಟು. ಆಂಟೇರಿಯೊ ಪ್ರಾಂತದ ಆಲ್ಗಾಂಕ್ವಿನ್ ಉದ್ಯಾನದ ಒಂದು ಜೌಗಿನಲ್ಲಿ ಸುಮಾರು ಐದು ಹೂಜಿಗಳಲ್ಲಿ ಒಂದರಲ್ಲಿ ಸಾಲಮಾಂಡರ್ ಮರಿಗಳು ಬಿದ್ದಿದ್ದುವೆಂದು 2019ರಲ್ಲಿ ವರದಿಯಾಯಿತು. ಇವು ಹಲ್ಲಿಯ ಆಕಾರದ, ಕಪ್ಪೆಯ ಸಂಬಂಧದ ಪ್ರಾಣಿಗಳು.

ಇನ್ನು ಹೂಜಿಯೊಳಕ್ಕೆ ಇಳಿಯೋಣ. ಅಂಗೈಯಷ್ಟು ಎಲೆ, ಅದರಲ್ಲಿ ಕೆಲವು ಚಮಚ ನೀರು. ಅಷ್ಟರಲ್ಲಿಯೇ ಮೂರು ಅಂತಸ್ತಿನ ಮನೆ, ಮೂರು ಒಕ್ಕಲು.

ಮೇಲಂತಸ್ತಿನಲ್ಲಿರುವುದು ಒಂದು ಮಾಂಸನೊಣದ ಮರಿಹುಳು. ಬಾಲದ ತುದಿಯಲ್ಲಿ ಬಟ್ಟಲಿನಂತಹ ಒಂದು ಅಂಗವನ್ನು ನೀರಿನ ಮೇಲೆ ತೇಲಿಸಿ, ತಲೆಕೆಳಗಾಗಿ ನೇತಾಡುತ್ತ, ಅದರ ಮೂಲಕವೇ ಉಸಿರಾಡುತ್ತದೆ; ಹೊಸದಾಗಿ ಬಿದ್ದು ಇನ್ನೂ ಮುಳುಗದಿರುವ ಹೆಣಗಳು ಇದರ ಪಾಲು. ಬಹಳ ಜಗಳಗಂಟಿ. ಒಂದೇ ಹೂಜಿಯಲ್ಲಿ ಎರಡು ಹುಳುಗಳಾದರೆ ಹೊಡೆದಾಟವೇ. ಕೊನೆಗೆ ಉಳಿಯುವುದು ಸಾಮಾನ್ಯವಾಗಿ ಒಂದು.

ನಡುವಂತಸ್ತಿನಲ್ಲಿ ಸೊಳ್ಳೆಯ ಮರಿಗಳು. ನ್ಯೂಜರ್ಸಿಯ ಕೀಟಶಾಸ್ತ್ರಜ್ಞ ಜಾನ್ ಸ್ಮಿತ್ತನ ಗೌರವಾರ್ಥವಾಗಿ 1901ರಲ್ಲಿ ವೈಯೋಮಿಯ ಸ್ಮಿತ್ತಿಯೈ ಎಂದು ನಾಮಕರಣವಾದ ಈ ಸೊಳ್ಳೆಯ ಮರಿಯು ಬೆಳೆಯುವುದು ಈ ಎಲೆಯ ನೀರಿನಲ್ಲಿಯೇ. ನೀರಿನಲ್ಲಿ ಈಜುತ್ತ, ಬಾಯ ಬಳಿಯ ಕುಂಚದಿಂದ ತೇಲುವ ಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಸೋಸಿ ತಿನ್ನುವುದು ಇದರ ವೃತ್ತಿ. ಉತ್ತರದ ಸೀಮೆಗಳಲ್ಲಿ ಇದು ದೊಡ್ಡದಾದ ಮೇಲೂ ಯಾರನ್ನೂ ಕಚ್ಚುವುದಿಲ್ಲವೆಂದು ತಿಳಿದುಬಂದಿದೆ. ಕಚ್ಚದ ಸೊಳ್ಳೆಯೊಂದು ಭೂಮಿಯ ಮೇಲೆ ಉಂಟೆಂದರೆ ನಮ್ಮ ನಗರವಾಸಿಗಳು ನಂಬಲಾರರು!

ತಳಮನೆಯ ಒಕ್ಕಲೇ ನಮ್ಮ ನೊರಜು. ಫ್ರೆಡರಿಕ್ ನ್ಯಾಬ್ ಎಂಬ, ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲಸಿದ ಕೀಟಪ್ರೇಮಿ ಇದರ ಮೇಲೆ ಕಣ್ಣಿಟ್ಟವನು. 1904ರಲ್ಲಿ ಕೊಕ್ವಿಲೆಟ್ ಎಂಬ ಪಂಡಿತನು ಇದನ್ನು ವರ್ಣಿಸಿ ನ್ಯಾಬನ ಹೆಸರನ್ನೇ ಸೇರಿಸಿ ಮೆಟ್ರಿಯಾಕ್ನೆಮಸ್ ನ್ಯಾಬಿ ಎಂದು ಕರೆದನು. ಮರುವರ್ಷ ನ್ಯಾಬನೇ ಅದರ ಜೀವನಕ್ರಮವನ್ನು ಬರೆದನು. ನಮ್ಮ ಕೆರೆಯ ಕೆಂಪುಹುಳುವಿನ ದಾಯಾದಿಯಾದರೂ ಇದರ ಮೈ ಬೆಳ್ಳಗೆ. ಹೂಜಿಯ ತಳದಲ್ಲಿ ಇರುವೆಗಳ ತಲೆ, ಕಾಲು, ನೊಣಗಳ ರೆಕ್ಕೆ, ಜೀರುಂಡೆಗಳ ಚಿಪ್ಪು ಎಲ್ಲವೂ ಸೇರಿ ಗಸಿಯಾಗಿ ನಿಂತಿರುತ್ತದೆ. ಆ ಗಸಿಯೊಳಗೆ ತೂರಿಕೊಂಡು, ಸತ್ತ ಹುಳುಗಳ ಕವಚದ ಒಳಹೊಕ್ಕು, ಇದ್ದಬದ್ದ ಮಾಂಸವನ್ನು ಕಡಿದು ಅಗಿಯುವುದೇ ಈ ಹುಳುವಿನ ದಿನಚರಿ. ಬೆಳೆದ ಮೇಲೆ ಮೆಲ್ಲಗೆ ಗೋಡೆ ಹತ್ತಿ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಲೋಳೆಯ ಒಂದು ಮುದ್ದೆಯನ್ನು ಮೆತ್ತಿಕೊಂಡು, ಅದರೊಳಗೆ ಕೋಶಾವಸ್ಥೆಯನ್ನು ಕಳೆದು ನೊರಜಾಗಿ ಹಾರಿಹೋಗುತ್ತದೆ. ಆಗಲೂ ದೂರಕ್ಕೇನೂ ಅಲ್ಲ; ಇನ್ನೊಂದು ಹೂಜಿಗೆ.

ಚಳಿಗಾಲದ ಸಂಗತಿ ವಿಚಿತ್ರವಾದುದು. ಆ ಸೀಮೆಯಲ್ಲಿ ಹೂಜಿಯ ನೀರು ತಳದವರೆಗೂ ಗಡ್ಡೆಕಟ್ಟುತ್ತದೆ. ಮಾಂಸನೊಣದ ಮರಿಯು ಜಾಣತನದಿಂದ ಮೊದಲೇ ಎಲೆಯಿಂದ ಹೊರಬಿದ್ದು ನೆಲದ ಪಾಚಿಯಲ್ಲಿ ಕೋಶವಾಗಿ ಮಲಗಿರುತ್ತದೆ. ಸೊಳ್ಳೆಯ ಮರಿಯೂ ನೊರಜಿನ ಮರಿಯೂ ಹಾಗಲ್ಲ. ಮಂಜುಗಡ್ಡೆಯೊಳಗೇ ಹುದುಗಿ ತಿಂಗಳುಗಟ್ಟಲೆ ಕಾಯುತ್ತವೆ. ಎಂದು ನಿಲ್ಲಬೇಕು, ಎಂದು ಮತ್ತೆ ಬೆಳೆಯತೊಡಗಬೇಕು ಎಂಬುದನ್ನು ಅವು ತಿಳಿಯುವುದು ಚಳಿಯಿಂದಲ್ಲ, ಹಗಲಿನ ಉದ್ದದಿಂದ. ನೊರಜಿನ ಮಟ್ಟಿಗೆ ಇದನ್ನು ಪ್ಯಾರಿಸ್ ಮತ್ತು ಜೆನ್ನರ್ ಎಂಬಿಬ್ಬರು 1959ರಲ್ಲಿ ತೋರಿಸಿದರು. ಗಸಿಯ ಕತ್ತಲಲ್ಲಿ ಬಿದ್ದಿರುವ ಸಣ್ಣ ಹುಳುವೊಂದು ದಿನಮಾನದ ಲೆಕ್ಕವನ್ನು ಇಡುತ್ತದೆಯೆಂದರೆ ಪಂಚಾಂಗ ಬರೆಯುವವರೂ ತಲೆದೂಗಬೇಕು.

ಈಗ ನನ್ನ ತರಗತಿಯಲ್ಲಿ ನಡೆದ ಒಂದು ಸಂಗತಿ. ನಾನು ಈ ಗಿಡವನ್ನು ಅದರ ನೆಲದಲ್ಲಿ ಕಂಡವನಲ್ಲ. ಕಾಲೇಜಿನಲ್ಲಿ ಸ್ಪಿರಿಟ್ಟು ತುಂಬಿದ ಒಂದು ಸೀಸೆಯಲ್ಲಿ ಬಣ್ಣ ಕಳೆದುಕೊಂಡು ನಿಂತಿರುವ ಎಲೆಯೇ ನನ್ನ ಬಂಡವಾಳ. ಅದನ್ನು ಮೇಜಿನ ಮೇಲಿಟ್ಟು, ಮೇಲೆ ಹೇಳಿದ ಕಥೆಯನ್ನೆಲ್ಲ ಹೇಳಿ, “ಈ ನೊರಜು ಗಿಡದ ಹಲ್ಲಿದ್ದಂತೆ, ಗಿಡಕ್ಕೆ ಬೇಕಾದುದನ್ನು ಅಗಿದುಕೊಡುವ ಆಳು” ಎಂದು ಪಾಠವನ್ನು ಮುಗಿಸುತ್ತಿದ್ದೆನು. ವರ್ಷವೂ ಹೀಗೆಯೇ ಹೇಳುತ್ತಿದ್ದೆನು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಆಳು ಎಂದರೆ ಸಂಬಳ ಕೊಡುವವರು ಯಾರು ಸಾರ್? ಕಳ್ಳ ಎಂದು ಏಕೆ ಹೇಳಬಾರದು?” ಎಂದು ಕೇಳಿದನು. ತರಗತಿ ನಕ್ಕಿತು. ನಾನೂ ನಕ್ಕು ಗಂಟೆಯ ನೆಪದಲ್ಲಿ ತಪ್ಪಿಸಿಕೊಂಡೆನು. ಮನೆಗೆ ಹೋದ ಮೇಲೆ, ಆ ಹುಡುಗನಿಗೆ ಕೊಡಲು ನನ್ನ ಬಳಿ ಉತ್ತರವಿಲ್ಲವೆಂಬುದು ಸ್ಪಷ್ಟವಾಯಿತು. ಓದಲು ಕುಳಿತೆನು. ಓದಿದುದನ್ನು ಇಲ್ಲಿ ಹೇಳುತ್ತೇನೆ.

ಸಂಬಳದ ಪ್ರಶ್ನೆಗೆ ಉತ್ತರ ಸುಲಭವಾಗಿ ದೊರೆಯಿತು. ಎಲೆಯು ತನ್ನ ಒಕ್ಕಲುಗಳಿಗೆ ಕೊಡುವುದು ಊಟವನ್ನು ಮಾತ್ರವಲ್ಲ, ಉಸಿರನ್ನೂ. ಹೆಣಗಳು ಕೊಳೆಯುವ ಸ್ವಲ್ಪ ನೀರಿನಲ್ಲಿ ಪ್ರಾಣವಾಯು ಬೇಗ ಮುಗಿದುಹೋಗಬೇಕು. ಅಮೋನಿಯ ಹೆಚ್ಚಿ ನೀರು ವಿಷವಾಗಬೇಕು. ಹಾಗಾಗುವುದಿಲ್ಲ. ಎಲೆಯು ಹಗಲಿನಲ್ಲಿ ನೀರಿನಿಂದ ಅಮೋನಿಯವನ್ನೂ ಅಂಗಾರಾಮ್ಲವಾಯುವನ್ನೂ ಹೀರಿಕೊಂಡು ಪ್ರಾಣವಾಯುವನ್ನು ಬಿಡುತ್ತದೆಯೆಂದು ಬ್ರಾಡ್‌ಷಾ ಮತ್ತು ಕ್ರೀಲ್‌ಮನ್ನರು 1984ರಲ್ಲಿ ಬರೆದರು. ಒಕ್ಕಲುಗಳ ಮಲಿನವೇ ಮನೆಯೊಡೆಯನ ಗೊಬ್ಬರ. ಮನೆಯೊಡೆಯನು ಬಿಟ್ಟುದೇ ಒಕ್ಕಲುಗಳ ಪ್ರಾಣ. ಕೇಟ್ಸ್‌ಬಿಯ ಛತ್ರವು ನನಗೆ ಮತ್ತೆ ನೆನಪಾದುದು ಇಲ್ಲಿಯೇ. ಒಳಗೆ ಬಿದ್ದ ಇರುವೆಗೆ ಅದು ಕೊಲೆಮನೆ, ನೊರಜಿಗೆ ಛತ್ರವೇ. ಎರಡೂ ಒಂದೇ ಎಲೆ.

ಎರಡನೆಯ ವಿಷಯ ನೊರಜಿಗೂ ಸೊಳ್ಳೆಗೂ ಇರುವ ಸಂಬಂಧ. ಒಂದೇ ಹೂಜಿಯ ಅನ್ನಕ್ಕೆ ಬಾಯಿ ಹಾಕುವ ಇವು ಪರಸ್ಪರ ಶತ್ರುಗಳಾಗಿರಬೇಕೆಂದು ಯಾರಿಗಾದರೂ ತೋರುವುದು. ಸ್ಟೀಫನ್ ಹರ್ಡ್ ಎಂಬ ವಿಜ್ಞಾನಿ 1994ರಲ್ಲಿ ಪ್ರಯೋಗದಿಂದ ಕಂಡುದು ಬೇರೆ. ನೊರಜುಗಳು ಹೆಚ್ಚಿರುವ ಕಡೆ ಸೊಳ್ಳೆಯ ಮರಿಗಳು ಹೆಚ್ಚು ಚೆನ್ನಾಗಿ ಬೆಳೆದುವು. ಸೊಳ್ಳೆಗಳು ಎಷ್ಟಿದ್ದರೂ ನೊರಜಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಏಕೆಂದರೆ ನೊರಜು ಅಗಿಯುವಾಗ ಉದುರುವ ನುಚ್ಚು, ಅದರ ಮೇಲೆ ಬೆಳೆಯುವ ಬ್ಯಾಕ್ಟೀರಿಯ, ಇವೇ ಸೊಳ್ಳೆಯ ಊಟ. ನಮ್ಮ ಮನೆಗಳಲ್ಲಿ ಬೀಸುವವಳು ಒಬ್ಬಳು, ಜರಡಿ ಹಿಡಿಯುವವಳು ಒಬ್ಬಳು ಇದ್ದ ಹಾಗೆ. ವ್ಯತ್ಯಾಸವಿಷ್ಟೆ: ಇಲ್ಲಿ ಬೀಸುವವಳಿಗೆ ತಾನು ಇನ್ನೊಬ್ಬಳಿಗಾಗಿ ಬೀಸುತ್ತಿರುವೆನೆಂಬುದು ತಿಳಿಯದು, ಉಪಕಾರವೆಂಬ ಮಾತೇ ಇಲ್ಲ. ತನ್ನ ಹೊಟ್ಟೆಗೆ ತಾನು ಅಗಿಯುತ್ತದೆ, ಅಷ್ಟೆ.

ಮೂರನೆಯದು ನನ್ನ ಪಾಠಕ್ಕೇ ಪೆಟ್ಟು ಕೊಟ್ಟಿತು. ನೊರಜು ಅಗಿದುಕೊಡದಿದ್ದರೆ ಗಿಡವು ಉಪವಾಸ ಬೀಳುವುದೆ? ಬಟ್ಲರ್, ಗೊಟೆಲ್ಲಿ, ಎಲ್ಲಿಸನ್ ಎಂಬ ಮೂವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು 2008ರಲ್ಲಿ ತಮ್ಮ ಉತ್ತರವನ್ನು ಪ್ರಕಟಿಸಿದರು. ಹೂಜಿಯಲ್ಲಿ ಮೇಲಿನ ಒಕ್ಕಲುಗಳೆಲ್ಲ ಇದ್ದಾಗಲೂ, ಬರಿಯ ಬ್ಯಾಕ್ಟೀರಿಯಗಳೇ ಇದ್ದಾಗಲೂ, ಗಿಡಕ್ಕೆ ಸೇರುವ ಸಾರಜನಕದಲ್ಲಿ ಗಮನಿಸತಕ್ಕ ವ್ಯತ್ಯಾಸ ತೋರಲಿಲ್ಲ. ಹೆಣವನ್ನು ಸಾರವಾಗಿ ಮಾರ್ಪಡಿಸುವ ಮುಖ್ಯ ಕೆಲಸ ಆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳದು. ಎಂದರೆ, ನಾನು ವರ್ಷವರ್ಷವೂ ಹೊಗಳುತ್ತಿದ್ದ ‘ಗಿಡದ ಹಲ್ಲು’ ಇಲ್ಲದೆಯೂ ಗಿಡದ ಊಟ ನಡೆಯುತ್ತದೆ! ಹಾಗಾದರೆ ಹುಡುಗನು ಹೇಳಿದಂತೆ ಅದು ಕಳ್ಳನೆ? ಅದೂ ಅಲ್ಲ, ಕಳ್ಳನಿದ್ದರೆ ಗಿಡಕ್ಕೆ ಬರುವ ಪಾಲು ಕಡಿಮೆಯಾಗಬೇಕಾಗಿದ್ದಿತು. ಆಳೂ ಅಲ್ಲದ, ಕಳ್ಳನೂ ಅಲ್ಲದ ಈ ಹುಳುವಿಗೆ ನಮ್ಮ ಭಾಷೆಯಲ್ಲಿ ಹೆಸರೇ ಸಿಕ್ಕಲಿಲ್ಲ. ಒಕ್ಕಲು ಎಂಬ ಮಾತನ್ನು ನಾನು ಈ ಭಾಷಣದಲ್ಲಿ ಬಳಸುತ್ತಿರುವುದು ಆ ಇಕ್ಕಟ್ಟಿನಿಂದಲೇ. ಮುಂದಿನ ವರ್ಷ ಸೀಸೆಯನ್ನು ಮೇಜಿನ ಮೇಲಿಟ್ಟಾಗ, ಹಿಂದೆ ಹೇಳಿದುದು ತಪ್ಪೆಂದು ತರಗತಿಯ ಮುಂದೆ ಒಪ್ಪಿಕೊಂಡೆನು. ಪ್ರಶ್ನೆ ಕೇಳಿದ ಹುಡುಗನು ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಹೋಗಿಬಿಟ್ಟಿದ್ದನು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಜನ ವಿದ್ವಾಂಸರು ಆಯುಸ್ಸನ್ನು ಕಳೆಯುವುದೇಕೆಂದು ಕೇಳುವಿರಿ. ಕೆರೆಯೊಂದರಲ್ಲಿರುವ ಜೀವಿಗಳನ್ನೆಲ್ಲ ಎಣಿಸುವುದು ಯಾರಿಂದಲೂ ಆಗದು. ಈ ಹೂಜಿಯೋ, ಒಂದು ಸಣ್ಣ ನಳಿಕೆಯಿಂದ ಹೀರಿದರೆ ಪೂರ್ತಿ ಕೈಗೆ ಬರುವ ಕೆರೆ. ಒಂದೇ ಜೌಗಿನಲ್ಲಿ ಇಂತಹ ಕೆರೆಗಳು ಸಾವಿರಾರು. ಒಂದರಲ್ಲಿ ಮಾಡಿದ ಪ್ರಯೋಗವನ್ನು ಪಕ್ಕದ್ದರಲ್ಲಿ ಮಾಡದೆ ಬಿಟ್ಟು ಹೋಲಿಸಿ ನೋಡಬಹುದು. 2013ರಲ್ಲಿ ಗೊಟೆಲ್ಲಿ, ಎಲ್ಲಿಸನ್ ಮತ್ತು ಅವರ ಜೊತೆಗಾರರು ಹೂಜಿಗಳಿಗೆ ಒಣಗಿದ ಕಣಜಗಳ ಪುಡಿಯನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಹಾಕಿ ನೋಡಿದುದನ್ನು ವರದಿ ಮಾಡಿದರು. ಮಿತಿ ಮೀರಿದೊಡನೆ ನೀರಿನ ಪ್ರಾಣವಾಯು ಕುಸಿದು, ಹಗಲಿನಲ್ಲಿಯೂ ಮೇಲೇಳದ ಸ್ಥಿತಿಗೆ ಇಳಿಯಿತು. ಎಲೆಯ ಉಸಿರು ಸಾಲದೆ ಹೋಯಿತು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದುದನ್ನು ಕಂಡವರಿಗೆ, ಊರಿನ ಕೊಳೆಯನ್ನು ನುಂಗಿದ ನೀರು ಯಾವ ಗತಿಗೆ ಬರುವುದೆಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ನೊರಜಿನ ಮನೆಗೆ ಬರುವ ಕುತ್ತು ಯಾರೂ ಕೈಯಾರೆ ಹಾಕುವ ಪುಡಿಯಿಂದಲ್ಲ, ಮಳೆಯಿಂದ. ಕಲ್ಲಿದ್ದಲ ಹೊಗೆ, ಮೋಟಾರುಗಳ ಹೊಗೆ, ಹೊಲಗಳ ಗೊಬ್ಬರದಿಂದಲೂ ಕೊಟ್ಟಿಗೆಗಳಿಂದಲೂ ಏಳುವ ಅಮೋನಿಯ, ಇವುಗಳಲ್ಲಿರುವ ಸಾರಜನಕವು ಗಾಳಿಗೆ ಸೇರಿ, ದೂರದ ಜೌಗಿನ ಮೇಲೆ ಮಳೆಯಾಗಿ ಇಳಿಯುತ್ತದೆ. ಹೂಜಿಗಿಡವು ಯಾವುದಕ್ಕಾಗಿ ಇರುವೆಗಳನ್ನು ಕಾದು ಕುಳಿತಿದೆಯೋ ಅದೇ ವಸ್ತು ಬೇಟೆಯಿಲ್ಲದೆ ಬಾಯಿಗೆ ಬಂದು ಬೀಳುತ್ತದೆ. ಆಗ ಗಿಡವು ಏನು ಮಾಡುತ್ತದೆ? ಎಲ್ಲಿಸನ್ ಮತ್ತು ಗೊಟೆಲ್ಲಿಯವರು ಹೂಜಿಗಳಿಗೆ ಸಾರಜನಕವನ್ನು ಕೊಟ್ಟು ನೋಡಿ 2002ರಲ್ಲಿ ತಿಳಿಸಿದುದಿದು: ಸಾರಜನಕ ಹೆಚ್ಚಿದಷ್ಟೂ ಹೊಸ ಎಲೆಗಳ ಹೂಜಿಯ ಭಾಗ ಕಿರಿದಾಗುತ್ತದೆ, ಪಕ್ಕದ ಹಸಿರು ರೆಕ್ಕೆ ಅಗಲವಾಗುತ್ತದೆ, ಕೊನೆಗೆ ಹೂಜಿಯೇ ಇಲ್ಲದ ಚಪ್ಪಟೆಯಾದ ಎಲೆಗಳು ಹೆಚ್ಚುತ್ತವೆ. ಗಿಡದ ದೃಷ್ಟಿಯಿಂದ ಇದು ವಿವೇಕವೇ. ಬಲೆ ಹೆಣೆಯುವ ಖರ್ಚು ಉಳಿಯಿತು; ಬಿಸಿಲು ಹಿಡಿಯಲು ಅಗಲವಾದ ಎಲೆ ಸಿಕ್ಕಿತು.

ನೊರಜಿಗೆ ಬೇರೆ ಮನೆಯಿಲ್ಲ. ಹೆಣ್ಣು ನೊರಜು ಮೊಟ್ಟೆಯಿಡಲು ಹುಡುಕುವುದು ಹೂಜಿಯಾಗಿರುವ ಎಲೆಯನ್ನು, ಅದರಲ್ಲಿ ನಿಂತ ಮಳೆಯ ನೀರನ್ನು, ಆ ನೀರಿನ ತಳದಲ್ಲಿರುವ ಗಸಿಯನ್ನು. ಚಪ್ಪಟೆಯಾದ ಎಲೆಯ ಮೇಲೆ ಬಿದ್ದ ಮಳೆ ಪಾಚಿಯೊಳಕ್ಕೆ ಹರಿದುಹೋಗುತ್ತದೆ.